ಕ್ಯಾಸೆಟ್, ಪ್ಲೇಟು, ಟೇಪ್ ರೆಕಾರ್ಡರ್: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಮಾತಿನಲ್ಲೂ ಪತ್ರದಲ್ಲೂ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಕೈಕೆಲಸ ಹೆಚ್ಚು ಬೇಡುವಂಥದ್ದು ಆಮೇಲೆ. ನಮ್ಮ ಕಡೆ ಮೊದಲು ನೋಡಿಕೊಳ್ಳಬೇಕಾದ್ದು ಥಂಡಿಯನ್ನು, ಅಂದರೆ ಮಳೆಗಾಲದ ತೇವವನ್ನು. ಮೆಷಿನಿನ ಮಾತು ಆಮೇಲಿನದು.

## ಶುರುವಿಗೆ

ಮೊಬೈಲಲ್ಲಿ ಎಲ್ಲ ಹಾಡೂ ಸಿಗ್ತದೆ. ಮತ್ತೆ ಈ ಹಳೇದೆಲ್ಲ ಯಾಕೆ ವಾಪಸ್ ಬರ್ತಿದೆ?

ಹೊರಗಿನ ಮಾರುಕಟ್ಟೆಯಲ್ಲಿ ಇದು ನಿಜವಾಗಿಯೂ ನಡೆಯುತ್ತಿದೆ. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ಪ್ಲೇಟುಗಳಿಂದ ಬಂದ ಹಣ ಸಿ.ಡಿ.ಯದನ್ನು ಮೀರಿತು, 1986ರ ನಂತರ ಹಾಗಾದದ್ದು ಅದೇ ಮೊದಲು. 2022ರಲ್ಲಿ ಮಾರಾಟವಾದ ಪ್ಲೇಟುಗಳ ಸಂಖ್ಯೆಯೂ ಸಿ.ಡಿ.ಗಿಂತ ಮೇಲೆ ಹೋಯಿತು. ಒಟ್ಟು ಸಂಗೀತ ವ್ಯಾಪಾರದ ದೊಡ್ಡ ಪಾಲು ಈಗಲೂ ಇಂಟರ್‌ನೆಟ್ಟಿನದೇ. ಆದರೂ ಕೈಯಲ್ಲಿ ಹಿಡಿಯುವ, ಕಪಾಟಿನಲ್ಲಿ ಇಡುವ ಹಾಡು ಬೇಕು ಅನ್ನುವವರು ಹೆಚ್ಚಿದ್ದಾರೆ.

ನಮ್ಮೂರ ಮನೆಗಳ ಕಾರಣ ಬೇರೆ. ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟಾಗಿ ಬಂತು. ಅಂಥ ಅಂಗಡಿ ಕ್ಯಾಸೆಟ್ಟಿನ ಹಾಡು ಇವತ್ತು ಮೊಬೈಲಲ್ಲೇ ಸಿಗುತ್ತದೆ. ಅಜ್ಜಿ ಹೇಳಿದ ಹಸೆ ಹಾಡು, ದೀಪಾವಳಿಯ ರಾತ್ರಿ ಬಾಗಿಲಿಗೆ ಬಂದ ಅಂಟಿಗೆ ಪಂಟಿಗೆಯವರ ಪದ, ಊರಿನ ತಾಳಮದ್ದಲೆ, ಹೊಸಹಳ್ಳಿ ಕಡೆಯವರ ಗಮಕ ವಾಚನ, ಭದ್ರಾವತಿ ಆಕಾಶವಾಣಿಯಿಂದ ರೇಡಿಯೋ ಹತ್ತಿರ ಕೂತು ಇಳಿಸಿಕೊಂಡದ್ದು, ಇವುಗಳಿಗೆ ಎರಡನೇ ಪ್ರತಿಯೇ ಇರುವುದಿಲ್ಲ. ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡಿಸಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಅಟ್ಟದ ಮೇಲೆ ಒಂದು ಚೀಲ ಕ್ಯಾಸೆಟ್ ಸಿಕ್ಕಿದೆ. ಮೊದಲು ಏನು ಮಾಡ್ಬೇಕು?

ಹಾಕಿ ಕೇಳಬೇಡಿ. ಅವಸರದಲ್ಲಿ ಹಾಕಿದ ಕ್ಯಾಸೆಟ್ಟೇ ಹೆಚ್ಚಾಗಿ ಹಾಳಾಗುವುದು.

ಮೊದಲು ಮನೆಯಲ್ಲಿ ರೆಕಾರ್ಡ್ ಮಾಡಿದ್ದನ್ನೂ ಅಂಗಡಿಯಿಂದ ತಂದದ್ದನ್ನೂ ಬೇರೆ ಮಾಡಿ. ಮನೆಯದ್ದರ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತವೆ. ಅವೆರಡನ್ನೂ ಮುರಿದುಬಿಟ್ಟರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನಡುವಿನ ಗಾಜಿನಂಥ ಭಾಗದಿಂದ ಒಳಗೆ ನೋಡಿ. ಸುತ್ತಿದ ಟೇಪಿನ ಪಕ್ಕ ನುಣ್ಣಗೆ, ಒಂದೇ ಕಂದು ಬಣ್ಣದಲ್ಲಿ ಇರಬೇಕು. ಬಿಳಿ ಅಥವಾ ಬೂದು ಚುಕ್ಕೆ ಕಂಡರೆ ಅದು ಬೂಷ್ಟು, ಬೇರೆ ಇಡಿ. ಟೇಪು ಹೊರಗೆ ಕಾಣುವ ಅಂಚಿನ ನಡುವೆ ತಾಮ್ರದ ಪಟ್ಟಿಯ ಮೇಲಿರುವ ಪುಟ್ಟ ಉಣ್ಣೆ ತುಂಡು ಬಿದ್ದುಹೋಗಿದ್ದರೆ ಅದನ್ನೂ ಬೇರೆ ಇಡಿ. ಉಣ್ಣೆ ಇಲ್ಲದಿದ್ದರೆ ಟೇಪು ಮೆಷಿನಿನ ಹೆಡ್ಡಿಗೆ (ಟೇಪನ್ನು ಓದುವ ಭಾಗ) ಒತ್ತಿ ಕೂರುವುದಿಲ್ಲ, ಸ್ವರ ಬಂದು ಹೋಗಿ ಮಾಡುತ್ತದೆ.

ಹೆಸರು ಬರೆಯುವುದನ್ನು ಮುಂದೂಡಬೇಡಿ. ಯಾರ ದನಿ, ಯಾವ ಊರು, ಯಾವ ಮದುವೆ ಅನ್ನುವುದು ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುತ್ತದೆ.

ಹಳೇ ಕ್ಯಾಸೆಟ್ಟಿಗೆ ಒಳ್ಳೆ ಬೆಲೆ ಬರ್ತದಂತೆ, ಹೌದಾ?

ಬಹುತೇಕ ಇಲ್ಲ. ಸಿನಿಮಾ ಹಾಡಿನ ಕ್ಯಾಸೆಟ್ಟು ಲಕ್ಷಗಟ್ಟಲೆ ಅಚ್ಚಾದವು. ಕವರ್ ಹರಿಯದ, ಗೀರಿಲ್ಲದ ಎಲ್.ಪಿ., ಅಂದರೆ ದೊಡ್ಡ ವಿನೈಲ್ ಪ್ಲೇಟಿಗೆ ಕೊಳ್ಳುವವರು ಸಿಗುತ್ತಾರೆ. ಗುಜರಿಗೆ ಕೊಡುವ ಮುಂಚೆ ಒಮ್ಮೆ ನೋಡಿ, ಅಷ್ಟೇ.

ಪ್ಲೇಟಿನ ಮೇಲೆ 78, 45, 33 ಅಂತ ಇದೆ. ಎಲ್ಲ ಒಂದೇ ಪ್ಲೇಯರಲ್ಲಿ ಹಾಕಬಹುದಾ?

ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ ಅದು. ಪ್ಲೇಯರಿಗೆ ಮೂರೂ ವೇಗ ಇದ್ದರೂ ಮುಳ್ಳು ಒಂದೇ ಆದರೆ ಆಗದು. 78ರ ಗೆರೆ ಅಗಲ, ಅದಕ್ಕೆ ಸುಮಾರು 76 ಮೈಕ್ರಾನ್ ತುದಿಯ ಮುಳ್ಳು ಬೇಕು. ಎಲ್.ಪಿ. (33ರದ್ದು) ಮತ್ತು ಇ.ಪಿ.ಗೆ (45ರ ಸಣ್ಣ ಪ್ಲೇಟು) ಸುಮಾರು 18 ಮೈಕ್ರಾನ್. ಸಣ್ಣ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಗೆರೆಯ ತಳದಲ್ಲಿ ಉಜ್ಜಿಕೊಂಡು ಬರೀ ಗರಗರ ಕೇಳುತ್ತದೆ. ದಪ್ಪ ಮುಳ್ಳನ್ನು ಎಲ್.ಪಿ. ಮೇಲೆ ಇಟ್ಟರೆ ಗೆರೆಯೇ ಹಾಳು.

ಕೀ ಕೊಡುವ ಹಳೇ ಗ್ರಾಮಫೋನಿನಲ್ಲಿ 78 ಮಾತ್ರ ಹಾಕಿ. ಅದರ ತಲೆಯ ಭಾರ 100 ಗ್ರಾಂಗಿಂತ ಹೆಚ್ಚು, ಎಲ್.ಪಿ.ಗೆ ಬೇಕಾದ್ದು ಸುಮಾರು 2 ಗ್ರಾಂ. ಗ್ರಾಮಫೋನಿನ ಉಕ್ಕಿನ ಪಿನ್ನು ಒಂದು ಮಗ್ಗುಲಿಗೆ ಒಂದೇ. ಸವೆದ ಪಿನ್ನನ್ನೇ ಮತ್ತೆ ಹಾಕಿದರೆ ಅದು ಪ್ಲೇಟನ್ನು ಕೆತ್ತುತ್ತಾ ಹೋಗುತ್ತದೆ.

## ಮಳೆ, ಥಂಡಿ, ಬೂಷ್ಟು

ಆರಿದ್ರೆ ಮಳೆ ಹಿಡಿದ್ರೆ ಬಟ್ಟೆನೇ ಒಣಗಲ್ಲ. ಕ್ಯಾಸೆಟ್, ಪ್ಲೇಟು ಎಲ್ಲಿ ಇಡೋದು?

ಗಾಳಿಯ ತೇವ ಶೇ. 65 ದಾಟಿ ಅಲ್ಲೇ ನಿಂತರೆ ಬೂಷ್ಟು ಏಳುತ್ತದೆ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಆಗುಂಬೆ ಸುತ್ತಮುತ್ತ ಆರಿದ್ರೆಯಿಂದ ಆಶ್ಲೇಷದ ತನಕ ಮನೆಯೊಳಗೂ ತೇವ ಶೇ. 90ರ ಹತ್ತಿರ ಇರುತ್ತದೆ. ಆದ್ದರಿಂದ ಕೋಣೆಯನ್ನು ಒಣಗಿಸುವ ಯೋಚನೆ ಬಿಟ್ಟು ಡಬ್ಬಿಯನ್ನು ಒಣಗಿಸಿ.

ರಬ್ಬರ್ ಅಂಚಿನ, ಗಾಳಿಯಾಡದ 20 ಲೀಟರ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕವರ್ ಸಮೇತ 80ರಿಂದ 100 ಕ್ಯಾಸೆಟ್ ಹಿಡಿಸುತ್ತವೆ. ಒಳಗೆ 250ರಿಂದ 300 ಗ್ರಾಂ ಸಿಲಿಕಾ ಜೆಲ್ಲನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿಡಿ, ಜೊತೆಗೆ ತೇವ ತೋರಿಸುವ ಪುಟ್ಟ ಮೀಟರ್ ಒಂದು. ಮೀಟರ್ 40ರಿಂದ 50ರ ನಡುವೆ ಇದ್ದರೆ ಸಾಕು. ಜೆಲ್ ಕಿತ್ತಳೆ ಬಣ್ಣದ್ದನ್ನೇ ತನ್ನಿ; ನೀಲಿಯದ್ದರಲ್ಲಿ ಇರುವ ಕೋಬಾಲ್ಟ್ ಉಪ್ಪು ಮೈಗೆ ಒಳ್ಳೆಯದಲ್ಲ. ತೇವ ಕುಡಿದು ಹಸಿರಿಗೆ ತಿರುಗಿದಾಗ 110ರಿಂದ 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಮುಚ್ಚಿದ ಸ್ಟೀಲ್ ಡಬ್ಬಿಯಲ್ಲೇ ಆರಿಸಿ. ತೆರೆದಿಟ್ಟರೆ ಆರುವಷ್ಟರಲ್ಲೇ ಮತ್ತೆ ತೇವ ಕುಡಿದಿರುತ್ತದೆ. ಡಬ್ಬಿ ಕಟ್ಟುವುದನ್ನು ಮಾರ್ಚ್ ಏಪ್ರಿಲ್‌ನಲ್ಲೇ ಮುಗಿಸಿ. ಜುಲೈನಲ್ಲಿ ಮುಚ್ಚಿದ ಡಬ್ಬಿಯೊಳಗೆ ಜುಲೈನ ಗಾಳಿಯೇ ಇರುತ್ತದೆ.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಟೇಪಿನ ಮೇಲೂ ಪ್ಲೇಟಿನ ಮೇಲೂ ಕೂರುತ್ತದೆ. ಹೊರಗೋಡೆಗೆ ತಾಗಿದ ಕಬ್ಬಿಣದ ಬೀರು ಇನ್ನೂ ಕೆಟ್ಟದ್ದು, ಅದರ ಒಳಮೈ ಬೆವರುತ್ತದೆ. ನುಸಿಗುಳಿಗೆ ಹಾಕಲೇಬೇಡಿ. ಅದರ ಆವಿ ಕ್ಯಾಸೆಟ್ ಕವರಿನ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಬೂಷ್ಟಿಗೆ ಏನೂ ಮಾಡುವುದಿಲ್ಲ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಬೂಷ್ಟು ಹಿಡಿದ ಒಳಕಾಗದ ತೆಗೆದು ಹೊಸ ಪ್ಲಾಸ್ಟಿಕ್ ಒಳಚೀಲ ಹಾಕಿ.

ಟೇಪಿನ ಮೇಲೇ ಬಿಳಿ ಬೂಷ್ಟು ಬಂದಿದೆ. ಇನ್ನು ಉಳಿಯಲ್ವಾ?

ಹೆಚ್ಚಿನವು ಉಳಿಯುತ್ತವೆ. ಹಸಿ ಬೂಷ್ಟನ್ನು ಒರೆಸಿದರೆ ಬಳಿದಂತೆ ಹರಡುತ್ತದೆ, ಅದಕ್ಕೆ ಮೊದಲು ಒಣಗಿಸಬೇಕು. ಜೆಲ್ ಇರುವ ಡಬ್ಬಿಯಲ್ಲಿ ಮೂರು ನಾಲ್ಕು ದಿನ ಇಟ್ಟರೆ ಪುಡಿಯಾಗುತ್ತದೆ. ಆಮೇಲೆ ಜಗಲಿಯ ನೆರಳಿಗೆ ತನ್ನಿ, ಬಿಸಿಲಿಗಲ್ಲ. ಎನ್-95 ಮಾಸ್ಕ್ ಹಾಕಿಕೊಳ್ಳಿ, ಬೂಷ್ಟಿನ ಪುಡಿ ಎದೆಗೆ ಹೋಗಬಾರದು.

ಐದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಎರಡೂ ಸುರುಳಿಯನ್ನು ಹೊಸ ಚಿಪ್ಪಿಗೆ ವರ್ಗಾಯಿಸಿ. ಅಂಟಿಸಿದ ಚಿಪ್ಪಾದರೆ ತೆಳು ಚಾಕುವನ್ನು ಅಂಚಿನ ಜೋಡಣೆಗೆ ತೂರಿಸಿ ನಿಧಾನಕ್ಕೆ ಬಿಡಿಸಬೇಕು, ಚಿಪ್ಪು ಮುರಿದರೂ ಚಿಂತೆಯಿಲ್ಲ. ಹಳೇ ಉಣ್ಣೆ ತುಂಡನ್ನು ಮಾತ್ರ ಮತ್ತೆ ಬಳಸಬೇಡಿ. ಹೊಸ ಚಿಪ್ಪಿನಲ್ಲಿ ಪೆನ್ಸಿಲ್ಲಿನಿಂದ ಸುತ್ತುತ್ತಾ, ಹೊರಗೆಳೆದ ಟೇಪನ್ನು ನೂಲು ಬಿಡದ ಮೆತ್ತನೆ ಬಟ್ಟೆಯ ನಡುವೆ ಹಗುರವಾಗಿ ಹಾಯಿಸಿ. ಬಟ್ಟೆಯ ಜಾಗ ಆಗಾಗ ಬದಲಿಸಿ. ಎರಡು ಸಲ ಹೀಗೆ ಆದ ಮೇಲೇ ಮೆಷಿನಿಗೆ ಹಾಕಿ, ಒಂದೊಂದು ಕ್ಯಾಸೆಟ್ ಆದ ಮೇಲೂ ಹೆಡ್ ಒರೆಸಿ. ಒಂದರ ಬೂಷ್ಟು ಮೆಷಿನಿನ ಮೂಲಕ ಇನ್ನೊಂದಕ್ಕೆ ದಾಟುವುದು ಹೀಗೆ ಒರೆಸದೆ ಬಿಟ್ಟಾಗಲೇ.

ಪ್ಲೇಟು ತೊಳೆಯೋಕೆ ಸ್ಪಿರಿಟ್ ಹಾಕ್ಬಹುದಾ?

78ಕ್ಕೆ ಖಂಡಿತ ಇಲ್ಲ. ಅದು ಅರಗಿನ ಪ್ಲೇಟು, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಂದು ಸಲ ಒರೆಸಿದರೂ ಹೊಳಪಿನ ಜೊತೆ ಹಾಡೂ ಹೋಗುತ್ತದೆ. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿ, ಮೆತ್ತನೆ ಬ್ರಷ್ಷಿನಿಂದ ಗೆರೆಯ ಗುಂಟ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಿನಿಂದ ಒರೆಸಿ ಕೂಡಲೇ ಒಣಗಿಸಿ. ನೆನೆಹಾಕಬೇಡಿ, ನಡುವಿನ ಲೇಬಲ್ಲಿಗೆ ನೀರು ತಾಗಿಸಬೇಡಿ. ವಿನೈಲ್ ಪ್ಲೇಟಿಗಾದರೆ ನಾಲ್ಕು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಬಹುದು. ಪ್ಲೇಟು ಯಾವುದೆಂದು ಅನುಮಾನ ಬಂದರೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಅರಗಿನದ್ದು ಭಾರ, ಗಡುಸು, ಬಾಗುವುದಿಲ್ಲ.

## ಮೆಷಿನಿನ ಕಷ್ಟಗಳು

ಗುಂಡಿ ಒತ್ತಿದ್ರೆ ಒಳಗೆ ಮೋಟಾರ್ ಸದ್ದು ಬರ್ತದೆ, ಕ್ಯಾಸೆಟ್ ತಿರುಗಲ್ಲ.

ಬೆಲ್ಟ್ ಹೋಗಿದೆ. ಹತ್ತಾರು ವರ್ಷ ಸುಮ್ಮನಿದ್ದ ರಬ್ಬರ್ ಬೆಲ್ಟು ಸಡಿಲವಾಗುತ್ತದೆ, ಇಲ್ಲವೇ ಡಾಂಬರಿನಂತೆ ಕರಗಿ ರಾಟೆಗೆ ಅಂಟಿಕೊಳ್ಳುತ್ತದೆ. ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ತೆಗೆದು, ಹಳೇ ಅಂಟನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪೂರ್ತಿ ತೆಗೆಯಿರಿ. ಚೂರು ಉಳಿದರೂ ರಾಟೆ ಸುತ್ತಿದಾಗಲೆಲ್ಲ ಸ್ವರ ಅಲುಗಾಡುತ್ತದೆ.

ಅಳತೆಗೆ ಹಳೇ ಬೆಲ್ಟನ್ನು ನಂಬಬೇಡಿ. ಬೆಲ್ಟು ಹೋಗುವ ದಾರಿಯಲ್ಲೇ ಒಂದು ದಾರ ಸುತ್ತಿ ಉದ್ದ ನೋಡಿ, ಅದಕ್ಕಿಂತ ಶೇ. 5ರಿಂದ 8 ಕಡಿಮೆ ಸುತ್ತಳತೆಯದ್ದನ್ನು ಹಾಕಿ. ದಾರ 240 ಮಿಲಿಮೀಟರ್ ಬಂದರೆ ಬೆಲ್ಟು 225ರ ಹತ್ತಿರ ಇರಲಿ. ತೀರಾ ಬಿಗಿಯಾದರೆ ಮೋಟಾರಿನ ಮೇಲೆ ಭಾರ ಬಿದ್ದು ವೇಗ ತಗ್ಗುತ್ತದೆ, ಸಡಿಲವಾದರೆ ಜಾರುತ್ತದೆ. ಹಳೆಯದು ಚೌಕನೆಯದೋ ಚಪ್ಪಟೆಯೋ ನೋಡಿ ಅದೇ ಬಗೆ ತನ್ನಿ.

ಆಮೇಲೆ ವೇಗ ನೋಡಬೇಕು. ಸರಿಯಾದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಅಂಗಡಿ ಕ್ಯಾಸೆಟ್ಟಿನ ಒಂದು ಹಾಡು ಮೊಬೈಲಿನಲ್ಲಿ 3 ನಿಮಿಷ ಇದ್ದರೆ ಇಲ್ಲೂ 180 ಸೆಕೆಂಡಿಗೇ ಮುಗಿಯಬೇಕು. ಎರಡು ಸೆಕೆಂಡಿನ ವ್ಯತ್ಯಾಸ ಅಂದರೆ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು. ಹಲವು ಮೋಟಾರುಗಳ ಹಿಂದಿನ ಪುಟ್ಟ ತೂತಿನೊಳಗೆ ವೇಗದ ಸ್ಕ್ರೂ ಇರುತ್ತದೆ, ಅದನ್ನು ಕೂದಲೆಳೆಯಷ್ಟೇ ತಿರುಗಿಸಿ.

ಟೇಪು ಒಳಗೆ ಎಳ್ಕೊಂಡು ಸುತ್ತಿಕೊಳ್ತದೆ. ಕ್ಯಾಸೆಟ್ಟಿನ ದೋಷವೋ, ಮೆಷಿನಿನದ್ದೋ?

ಬೇರೆ ಕ್ಯಾಸೆಟ್ಟಿನಲ್ಲೂ ಆದರೆ ಮೆಷಿನಿನದ್ದು. ತೆಳು ಕಂಬಿ ಮತ್ತು ರಬ್ಬರ್ ರೋಲರ್ ಸೇರಿ ಟೇಪನ್ನು ಮುಂದಕ್ಕೆ ತಳ್ಳುತ್ತವೆ, ಬಲಗಡೆಯ ಚಕ್ರ ಅದನ್ನು ಸುತ್ತಿಕೊಳ್ಳಬೇಕು. ಆ ಚಕ್ರಕ್ಕೆ ಬಲ ಸಾಲದಿದ್ದರೆ ಬಂದ ಟೇಪು ರೋಲರಿಗೇ ಸುತ್ತಿಕೊಳ್ಳುತ್ತದೆ. ಚಕ್ರದ ಬೆಲ್ಟು ಅಥವಾ ರಬ್ಬರ್ ಬಳೆ ಬದಲಿಸಿ, ರೋಲರನ್ನು ಒರೆಸಿ. ರೋಲರ್ ಗಾಜಿನಂತೆ ಹೊಳೆಯುತ್ತಿದ್ದರೆ ಹಿಡಿತ ಹೋಗಿದೆ ಅಂತ ಅರ್ಥ. ತಿನ್ನರ್, ಪೆಟ್ರೋಲ್ ತಾಗಿಸಬೇಡಿ.

ಒಂದೇ ಕ್ಯಾಸೆಟ್ಟಿನಲ್ಲಿ ಆಗುತ್ತಿದ್ದರೆ ಸುತ್ತು ಬಿಗಿದಿದೆ. ಆ ತುದಿಯಿಂದ ಈ ತುದಿಗೆ ಎರಡು ಸಲ ಪೂರ್ತಿ ಸುತ್ತಿ ಬಿಡಿಸಿ. 120 ನಿಮಿಷದ ಕ್ಯಾಸೆಟ್ಟಾದರೆ ಟೇಪು ಸುಮಾರು 9 ಮೈಕ್ರಾನ್ ಮಾತ್ರ, 60ರದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ ದಪ್ಪ. ಅದನ್ನು ಒಳ್ಳೆಯ ಮೆಷಿನಿನಲ್ಲೇ, ಒಂದೇ ಸಲ, ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಮಾತ್ರ ಹಾಕಿ.

ಸ್ವರ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳ್ತದೆ.

ಹೆಡ್ ಕೊಳೆಯಾಗಿರಬಹುದು. ಹತ್ತಿಕಡ್ಡಿಗೆ ಕಂದು ಬಣ್ಣ ಬರುವುದು ನಿಲ್ಲುವ ತನಕ ಆಲ್ಕೋಹಾಲಿನಿಂದ ಒರೆಸಿ. ಹತ್ತು ಗಂಟೆ ಓಡಿಸಿದ ಮೇಲೆ ಮತ್ತೆ ಒರೆಸಬೇಕು.

ಒರೆಸಿದರೂ ಹಾಗೇ ಇದ್ದರೆ ಹೆಡ್ಡಿನ ಓರೆ ಹೊಂದಿಲ್ಲ. ಹೆಡ್ಡಿನ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದು ಓರೆಯದ್ದು. ಮನೆಯ ರೆಕಾರ್ಡರಿನಲ್ಲಿ ಆ ಕಾಲದಲ್ಲಿ ಹೆಡ್ ಹೇಗೆ ಓರೆಯಿತ್ತೋ ಟೇಪಿನ ಮೇಲೆ ಹಾಗೇ ಬರೆದಿರುತ್ತದೆ. ಆದ್ದರಿಂದ ಮೆಷಿನ್ ಸರಿಯಿದ್ದರೂ ಒಂದೊಂದು ಟೇಪಿಗೆ ಒಂದೊಂದು ಓರೆ ಬೇಕಾಗುತ್ತದೆ. ಸ್ಕ್ರೂ ಮೊದಲಿದ್ದ ಜಾಗಕ್ಕೆ ಗುರುತು ಮಾಡಿ, ಟೇಪ್ ಓಡುತ್ತಿರುವಾಗ ಕಾಲು ಸುತ್ತಿನೊಳಗೆ ಆಚೀಚೆ ತಿರುಗಿಸಿ. ತಾಳದ ಝಣತ್ಕಾರ, 'ಸ', 'ಶ' ಅಕ್ಷರಗಳು ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಸ್ಕ್ರೂಡ್ರೈವರಿಗೆ ಕಾಂತದ ಗುಣ ಇರಬಾರದು.

ಅಮೆರಿಕದಿಂದ ಮಗ ತಂದ ಪ್ಲೇಯರಲ್ಲಿ ಎಲ್ಲ ಹಾಡೂ ನಿಧಾನ. ಟ್ರಾನ್ಸ್‌ಫಾರ್ಮರ್ ಹಾಕಿದೀವಲ್ಲ?

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿಯದು 60 ಹರ್ಟ್ಜ್, ನಮ್ಮದು 50. ಹಳೇ ಸಿಂಕ್ರೊನಸ್ ಮೋಟಾರ್ ಅದನ್ನೇ ನೋಡಿ ತಿರುಗುವುದರಿಂದ 33⅓ ಸುತ್ತು 27.8ಕ್ಕೆ ಇಳಿಯುತ್ತದೆ. 50 ಹರ್ಟ್ಜಿನ ರಾಟೆ ಸಿಕ್ಕರೆ ಬದಲಿಸಿ. ಅಡಾಪ್ಟರಿನಿಂದ ನಡೆಯುವ ಡಿ.ಸಿ. ಮೋಟಾರಿನವಕ್ಕೆ ಈ ತೊಂದರೆ ಇಲ್ಲ. ಸಿಂಕ್ರೊನಸ್ ಮೋಟಾರಿನ ಪ್ಲೇಯರು ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಗುಂಯ್‌ಗುಡುತ್ತಿದ್ದರೆ ಅದು ಚೌಕ ಅಲೆಯ ಇನ್ವರ್ಟರ್, ಶುದ್ಧ ಸೈನ್ ಅಲೆಯದ್ದು ಬೇಕು. ಗುಡುಗು ಸಿಡಿಲು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಪ್ಲೇಟಿನ ಸ್ವರ ತೀರಾ ಸಣ್ಣ, ಬಾಸೇ ಇಲ್ಲ.

ಮುಳ್ಳು ಕೂರುವ ಕಾರ್ಟ್ರಿಡ್ಜಿನಿಂದ ಬರುವುದು 3ರಿಂದ 5 ಮಿಲಿವೋಲ್ಟ್ ಮಾತ್ರ. ಪ್ಲೇಟು ಕೊರೆಯುವಾಗ ಬಾಸ್ ತಗ್ಗಿಸಿ, ಮೇಲಿನ ಸ್ವರ ಎತ್ತಿರುತ್ತಾರೆ. ಇವೆರಡನ್ನೂ ಸರಿಮಾಡಲು ನಡುವೆ ಫೋನೊ ಪ್ರಿಆಂಪ್ ಬೇಕು. ಗುಂಯ್ ಅನ್ನುತ್ತಿದ್ದರೆ ಪ್ಲೇಯರಿನ ಹಿಂದಿನ ಅರ್ಥ್ ತಂತಿಯನ್ನು ಪ್ರಿಆಂಪಿನ ಸ್ಕ್ರೂಗೆ ಕಟ್ಟಿ.

## ಕಂಪ್ಯೂಟರಿಗೆ ಇಳಿಸುವುದು ಮತ್ತು ಮುಂದಿನದು

ಮನೆಯಲ್ಲೇ ಇಳಿಸಿಕೊಳ್ಳೋಕೆ ಏನೇನು ಬೇಕು?

ಸರಿಯಿರುವ ಡೆಕ್ (ಕ್ಯಾಸೆಟ್ ಓಡಿಸುವ ಮೆಷಿನ್), ಅದರ ಸ್ವರವನ್ನು ಕಂಪ್ಯೂಟರಿಗೆ ಕಳಿಸುವ, ಲೈನ್ ಇನ್ ತೂತು ಇರುವ ಯು.ಎಸ್.ಬಿ. ಆಡಿಯೊ ಇಂಟರ್‌ಫೇಸ್, ಒಂದು ಕೇಬಲ್, ಪುಕ್ಕಟೆ ಸಿಗುವ ಆಡಾಸಿಟಿ ಸಾಫ್ಟ್‌ವೇರ್. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ, ಸ್ವರ ಒಡೆಯುತ್ತದೆ. 48 ಕಿಲೊಹರ್ಟ್ಜ್, 24 ಬಿಟ್ ಇಡಿ. ಅತಿ ಜೋರಿನ ಕಡೆ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಚೆಂಡೆ ಬಿದ್ದಾಗಲೇ ನೋಡಿ ಹೊಂದಿಸಿ, ಭಾಗವತಿಕೆ ನಡೆಯುವಾಗಲ್ಲ. ಒಂದು ಮಗ್ಗುಲನ್ನು ನಿಲ್ಲಿಸದೆ ಪೂರ್ತಿ ಇಳಿಸಿ. 60 ನಿಮಿಷಕ್ಕೆ ಸುಮಾರು 1 ಜಿ.ಬಿ. ಆಗುತ್ತದೆ, ಗುಣ ಕೆಡಿಸದೆ ಕುಗ್ಗಿಸುವ ಫ್ಲಾಕ್ ಫೈಲ್ ಮಾಡಿದರೆ ಹೆಚ್ಚುಕಡಿಮೆ ಅರ್ಧ.

ಈ ಮೂಲ ಫೈಲನ್ನು ಮುಟ್ಟಬೇಡಿ. ಕರಕರ ತೆಗೆಯುವುದು, ತುಂಡು ಮಾಡುವುದೆಲ್ಲ ಪ್ರತಿಯಲ್ಲಿ. ಸದ್ದು ತೆಗೆಯುವಾಗ 6ರಿಂದ 9 ಡೆಸಿಬೆಲ್ ಸಾಕು. ಹೆಚ್ಚು ತೆಗೆದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ರಾತ್ರಿಯಿಡೀ ನಡೆದ ಯಕ್ಷಗಾನದ ಆಟ 90 ನಿಮಿಷದ ಆರು ಕ್ಯಾಸೆಟ್ಟಿನಲ್ಲಿ ಹರಿದು ಹಂಚಿರುತ್ತದೆ, ಹೆಸರಿನಲ್ಲಿ ಪ್ರಸಂಗ, ಕ್ಯಾಸೆಟ್ ಸಂಖ್ಯೆ, ಮಗ್ಗುಲು ಮೂರೂ ಇರಲಿ. ಮೂರು ಪ್ರತಿ ಮಾಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ.

ತಾಳಮದ್ದಲೆ ರೆಕಾರ್ಡಿಂಗ್ ಹೋಗ್ತಾ ಹೋಗ್ತಾ ಸ್ವರ ಏರ್ತದೆ, ಮಾತು ಓಡ್ತದೆ. ಡೆಕ್ ಸರಿಯಾಗೇ ಇದೆ.

ರೆಕಾರ್ಡ್ ಮಾಡಿದ ರಾತ್ರಿ ಕರೆಂಟ್ ಇರಲಿಲ್ಲ, ಸೆಲ್ಲಿನಲ್ಲಿ ನಡೆಸಿದ್ದಾರೆ. ಸೆಲ್ ಇಳಿದಂತೆ ರೆಕಾರ್ಡರ್ ನಿಧಾನವಾಯಿತು. ನಿಧಾನಕ್ಕೆ ಬರೆದದ್ದನ್ನು ಸರಿ ವೇಗದಲ್ಲಿ ಓದಿದರೆ ಸ್ವರ ಏರುತ್ತದೆ. ಮಲೆನಾಡಿನ ಹಳೇ ರೆಕಾರ್ಡಿಂಗುಗಳಲ್ಲಿ ಈ ದೋಷ ಸಾಮಾನ್ಯ, ಸರಿಪಡಿಸಲು ದಾರಿಯೂ ಅದರೊಳಗೇ ಇದೆ: ಹಿಂದೆ ಕೇಳುವ ಶ್ರುತಿ.

ಒಂದು ಕೂಟದಲ್ಲಿ ಒಬ್ಬ ಭಾಗವತರು ಹಾಡುವಷ್ಟು ಹೊತ್ತು ಶ್ರುತಿಪೆಟ್ಟಿಗೆಯ ಮನೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮೊಬೈಲಿನ ಟ್ಯೂನರ್ ಆ್ಯಪಿನಲ್ಲಿ ಮೊದಲ ಐದು ನಿಮಿಷದ ಶ್ರುತಿ ಗುರುತಿಸಿ. ಆಮೇಲೆ ಹತ್ತು ಹತ್ತು ನಿಮಿಷಕ್ಕೆ ಎಷ್ಟು ಏರಿದೆ ಬರೆದುಕೊಳ್ಳಿ. ಒಂದು ಮನೆ, ಅಂದರೆ ಬಿಳಿಯಿಂದ ಪಕ್ಕದ ಕರಿಗೆ, ಏರಿದ್ದರೆ ಅಲ್ಲಿ ವೇಗವನ್ನು ಶೇ. 5.6 ತಗ್ಗಿಸಬೇಕು. ಆಡಾಸಿಟಿಯ ಟೈಮ್ ಟ್ರ್ಯಾಕಿನಲ್ಲಿ ಆಯಾ ಜಾಗಕ್ಕೆ ಆಯಾ ವೇಗ ಕೊಟ್ಟರೆ ನಡುವಿನದ್ದನ್ನು ಅದೇ ಹೊಂದಿಸಿಕೊಳ್ಳುತ್ತದೆ. ಭಾಗವತರು ಬದಲಾದ ಜಾಗದಲ್ಲಿ ಶ್ರುತಿ ನಿಜವಾಗಿಯೇ ಬದಲಾಗಿರಬಹುದು, ಅಲ್ಲಿ ಮಾತಿನ ಓಟ ಕೇಳಿ ತೀರ್ಮಾನಿಸಿ. ಹೊಸ ಸೆಲ್ ಹಾಕಿದ ಜಾಗದಲ್ಲಿ ಸ್ವರ ಒಮ್ಮೆಗೇ ಕೆಳಕ್ಕೆ ಬೀಳುತ್ತದೆ, ಅಲ್ಲಿ ಫೈಲನ್ನು ಕತ್ತರಿಸಿ ಎರಡು ಭಾಗವಾಗಿಯೇ ಸರಿಪಡಿಸಿ.

ಇಳಿಸಿಕೊಂಡ ಮೇಲೆ ಕ್ಯಾಸೆಟ್ ಎಸೆಯಬಹುದಲ್ಲ?

ಬೇಡ. ಹಾರ್ಡ್ ಡಿಸ್ಕ್ ಹೇಳದೆ ಕೇಳದೆ ಪೂರ್ತಿ ಹೋಗುತ್ತದೆ, ಟೇಪು ಕೆಟ್ಟರೂ ಸ್ವಲ್ಪ ಸ್ವಲ್ಪವೇ ಕೆಡುತ್ತದೆ. ಮುಂದೆ ಇನ್ನೂ ಚೆನ್ನಾಗಿ ಇಳಿಸಲು ಸಾಧ್ಯವಾಗಬಹುದು. ಜೆಲ್ ಡಬ್ಬಿಯಲ್ಲಿ ಇರಲಿ.

ಹಳೇ ಪ್ಲೇಟಿನ ಹಾಡು ಇಂಟರ್‌ನೆಟ್ಟಿಗೆ ಹಾಕಿದ್ರೆ ಕೇಸ್ ಆಗ್ತದಾ?

ನಿಮ್ಮ ಸ್ವಂತ ಬಳಕೆಗೆ ಇಳಿಸಿಕೊಳ್ಳುವುದಕ್ಕೂ ಎಲ್ಲರಿಗೂ ಹಂಚುವುದಕ್ಕೂ ವ್ಯತ್ಯಾಸವಿದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1960ರಲ್ಲಿ ಬಂದ ಪ್ಲೇಟಿನದು 2020ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮನೆಯ ರೆಕಾರ್ಡಿಂಗಾದರೆ ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಕೇಳಿ. ಕಾನೂನಿಗಿಂತ ಮೊದಲು ಅದು ಮರ್ಯಾದೆಯ ಪ್ರಶ್ನೆ.

ನಮ್ಮ ತಂಡದ ಹೊಸ ಹಾಡು ಕ್ಯಾಸೆಟ್ಟಲ್ಲೋ ಪ್ಲೇಟಲ್ಲೋ ಬಿಡ್ಬೇಕು. ಆಗ್ತದಾ?

ಸಣ್ಣ ತಂಡಕ್ಕೆ ಕ್ಯಾಸೆಟ್ಟೇ ಸರಿ. ಪ್ಲೇಟಿಗೆ ಒಂದು ಮಗ್ಗುಲಿಗೆ 18ರಿಂದ 22 ನಿಮಿಷದ ಮಿತಿ, ದೊಡ್ಡ ಸಂಖ್ಯೆಯಲ್ಲಿ ಅಚ್ಚು ಮಾಡಿಸದಿದ್ದರೆ ಒಂದೊಂದರ ಬೆಲೆ ಕೈಸುಡುತ್ತದೆ. ಮೂಲಪ್ರತಿ ಕೊರೆಯುವ ಲ್ಯಾಕರ್ ತಟ್ಟೆ ಮಾಡುವವರೂ ಬೆರಳೆಣಿಕೆಯಷ್ಟು. ಕ್ಯಾಲಿಫೋರ್ನಿಯಾದ ಅಪೋಲೊ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಸುಟ್ಟ ಮೇಲೆ ಜಗತ್ತು ಬಹುತೇಕ ಜಪಾನಿನ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಳ್ಳಬೇಕಾಯಿತು.

ಕ್ಯಾಸೆಟ್ಟಾದರೆ ಎರಡು ಒಳ್ಳೆಯ ಡೆಕ್ ಇಟ್ಟುಕೊಂಡು ಮನೆಯಲ್ಲೇ 20, 30 ಪ್ರತಿ ತೆಗೆಯಬಹುದು. 60 ನಿಮಿಷದ, ಟೈಪ್ ಒಂದು ಅನ್ನುವ ಸಾಧಾರಣ ಬಗೆಯ ಖಾಲಿ ಕ್ಯಾಸೆಟ್ ಕೊಳ್ಳಿ. ಎರಡೂ ಮಗ್ಗುಲಿನ ಉದ್ದ ಹತ್ತಿರ ಹತ್ತಿರ ಇರಲಿ, ಉದ್ದದ್ದು ಮೊದಲ ಮಗ್ಗುಲಿಗೆ ಬರಲಿ. ಮೀಟರ್ ಸೊನ್ನೆಯಿಂದ ಪ್ಲಸ್ 3ರ ನಡುವೆ ಆಡುವಂತೆ ಮಟ್ಟ ಇಡಿ. 'ಸ'ಕಾರ ಸಿಡಿಯುತ್ತಿದ್ದರೆ ಮಟ್ಟ ಇಳಿಸುವ ಬದಲು ಮೂಲದಲ್ಲೇ 6ರಿಂದ 8 ಕಿಲೊಹರ್ಟ್ಜಿನ ಜಾಗ ಸ್ವಲ್ಪ ತಗ್ಗಿಸಿ. ಮೊದಲ ಪ್ರತಿಯನ್ನು ಇನ್ನೊಂದು ಮನೆಯ ಸಾಧಾರಣ ಟೇಪ್ ರೆಕಾರ್ಡರಿನಲ್ಲಿ ಹಾಕಿ ಕೇಳಿ, ಅಲ್ಲಿ ಚೆನ್ನಾಗಿ ಬಂದರೆ ಉಳಿದವನ್ನು ಮಾಡಿ. ಎಸಳು ಮುರಿದು, ಒಂದೊಂದರಲ್ಲೂ ಒಂದು ಗ್ರಾಂ ಜೆಲ್ ಪೊಟ್ಟಣ ಹಾಕಿ ಕೊಡಿ.